ಕಂಡಕ್ಟರ್ ಇಲ್ಲದ ಕಾರು

ಆಯುಷ್ಯವೆಲ್ಲ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ದ್ಯಾವಪ್ಪನವರು, ಮಗಳ ಹೊಸ ಕಾರನ್ನು ರಿವರ್ಸ್ ತೆಗೆಯಲು ಹೋಗಿ ಎದುರುಮನೆಯ ಗೇಟಿಗೆ ಗುದ್ದಿಬಿಟ್ಟರು. ಹಿಂದಿನ ಬಂಪರ್ ಹೋಯಿತು.

"ನನ್ನ ತಪ್ಪಲ್ಲಮ್ಮ. ಕಂಡಕ್ಟರ್ ಇಲ್ದೆ ಯಾವೋನು ರಿವರ್ಸ್ ತೆಗೀತಾನೆ? ನಮ್ಮ ಖಾದರ್ ಹಿಂದೆ ನಿಂತಿದ್ರೆ ಒಂದು ಗೀರೂ ಬೀಳ್ತಿರಲಿಲ್ಲ."

"ಹಾಗಾದ್ರೆ ಕಂಡಕ್ಟರನ್ನೇ ಕೂರಿಸ್ತೀನಿ ಬಾರಪ್ಪ. ಇನ್ನೊಂದ್ ಸಲ ಗುದ್ದಿದ್ರೆ ಮಾತ್ರ ನೀನು ಕೀ ಮುಟ್ಟಂಗಿಲ್ಲ" ಎಂದ ಮಗಳು ಅವರನ್ನು ಕಾರಿನ ಸಾಮಾನಿನ ಅಂಗಡಿಗೆ ಕರೆದೊಯ್ದಳು.

ಅಂಗಡಿಯವನು ಹೊಸ ಬಂಪರಿಗೆ ತೂತು ಕೊರೆದು ಸೆನ್ಸರ್ ಕೂರಿಸಿದ. "ಇನ್ಮೇಲೆ ಹಿಂದಿನದ್ದೆಲ್ಲ ಇದೇ ಕೂಗಿ ಹೇಳುತ್ತೆ ಯಜಮಾನ್ರೇ. ನೀವು ತಲೆ ತಿರುಗಿಸೋದೇ ಬೇಡ, ಕಿವಿ ಕೊಟ್ರೆ ಸಾಕು."

ದ್ಯಾವಪ್ಪನವರು ಗತ್ತಿನಿಂದ ಕೂತು ರಿವರ್ಸ್ ಗೇರ್ ಹಾಕಿದರು. ಕಾರು ಮೆಲ್ಲಗೆ ಹಿಂದೆ ಸರಿಯಿತು. 'ಪೀಂ... ಪೀಂ...' ಎಂಬ ಸದ್ದು ಕೇಳಿದ್ದೇ ತಡ, ಹಳೇ ಗೆಳೆಯ ಸಿಕ್ಕಿದವರಂತೆ ಅವರ ಮುಖ ಅರಳಿತು. ಸದ್ದು ಬಿರುಸಾದಂತೆ ಅವರ ಕಾಲೂ ಬಿರುಸಾಯಿತು. 'ಪೀಂಪೀಂಪೀಂ' ಎನ್ನುತ್ತಿದ್ದದ್ದು ಒಂದೇ ಸಮನೆ ಕಿರುಚತೊಡಗುವಷ್ಟರಲ್ಲಿ ಕಾರು ಹಿಂದಿದ್ದ ಲೈಟುಕಂಬಕ್ಕೆ ಧಡಾರನೆ ಹೊಡೆಯಿತು.

"ಅಪ್ಪಾ! ಅಷ್ಟೊಂದು ಬಡ್ಕೊಳ್ತಾ ಇತ್ತಲ್ಲ, ಕೇಳಿಸ್ಲಿಲ್ವಾ?" ಎಂದು ಮಗಳು ಓಡಿ ಬಂದಳು.

ದ್ಯಾವಪ್ಪನವರು ಕೆಳಗಿಳಿದು ಅಂಗಡಿಯವನ ಮೇಲೆ ಹರಿಹಾಯ್ದರು.

"ಕೇಳಿಸ್ತು, ಅದಕ್ಕೇ ಬಂದೆ! ನಮ್ಮ ಖಾದರ್ ಹಿಂದೆ ಜಾಗ ಇರೋವರೆಗೂ ಸೀಟಿ ಊದೋನು, ಕಂಬ ಬಂದ ತಕ್ಷಣ ನಿಲ್ಲಿಸೋನು. ನಿಂದು ಕಂಬ ಹತ್ರ ಆದಷ್ಟೂ 'ಬರ್ಲಿ, ಬರ್ಲಿ' ಅಂತ ಕರೀತದಲ್ಲೋ!"