ಕೆಂಪು ಚೀಟಿ

ಪ್ರಯೋಗಾಲಯದ ಇಲಿಗಳಿಗೆ ಕಾಳು ಹಾಕುತ್ತ ಮಾದಪ್ಪ ಸಂಶೋಧಕಿಯನ್ನು ಕೇಳಿದ: “ಮೇಡಂ, ನರರೋಗ ಬರಿಸಿದೀವಲ್ಲ, ಈ ಇಲಿಗೆ ಕಣ್ಣಿನ ನರ ಹೋಗ್ತಿರೋದು ಗೊತ್ತಾಗುತ್ತಾ?”

“ಗೊತ್ತಾದ್ರೂ ಹೇಳೋಕೆ ಬಾಯಿಲ್ಲವಲ್ಲ. ಮನುಷ್ಯರಾದ್ರೆ, ಒಂದು ಕಣ್ಣಿಗೆ ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತೆ ಅಂತ ಬಂದು ಹೇಳ್ಕೋತಾರೆ.”

ಸೂಕ್ಷ್ಮದರ್ಶಕಕ್ಕೆ ಇಟ್ಟಿದ್ದ ಎಡಗಣ್ಣನ್ನು ಉಜ್ಜಿಕೊಳ್ಳುತ್ತ ಅವಳು ಬೋನಿನತ್ತ ತಿರುಗಿದಳು. ಅವಳಿಗೆ ರೇಗಿತು.

“ರೋಗದ ಬೋನಿಗೆ ಕೆಂಪು ಚೀಟಿ ಅಂಟಿಸಿ ಅಂದ್ರೆ, ಈ ಬಣ್ಣ ಹೋಗಿರೋ ಹಳೇದನ್ನ ಯಾಕ್ರೀ ಅಂಟಿಸಿದ್ರಿ?”

“ಇವತ್ತೇ ಕತ್ತರಿಸಿದ್ದು ಮೇಡಂ. ಒಳ್ಳೇ ಕುಂಕುಮದ ಹಾಗಿದೆಯಲ್ಲ!”

ಅವಳು ಬಲಗಣ್ಣು ಮುಚ್ಚಿ ಚೀಟಿಯನ್ನು ನೋಡಿದಳು. ಆಮೇಲೆ ಎಡಗಣ್ಣು ಮುಚ್ಚಿ ನೋಡಿದಳು. ಇನ್ನೊಮ್ಮೆ ನೋಡಿದಳು.

“ಚೀಟಿ ಸರಿಯಾಗೇ ಇದೆ, ಮಾದಪ್ಪ,” ಎಂದಳು.