ಹಿಂದಿನ ಜಗಲಿಯ ಮೂಲೆ

ಲಕ್ವ ಹೊಡೆದ ಮೇಲೆ ಆತನಿಗೆ ಮೂತ್ರದ ಮೇಲಿನ ಹಿಡಿತವೂ ತಪ್ಪಿತ್ತು. ಹೆಂಡತಿ ಗಡಿಯಾರ ನೋಡಿಕೊಂಡು ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಇವತ್ತು ನೈವೇದ್ಯಕ್ಕೆ ಅನ್ನ ಬಸಿಯುವಷ್ಟರಲ್ಲಿ ತಡವಾಗಿ, ಪಂಚೆ ಒದ್ದೆಯಾಯಿತು.

ಮಡಿಸೀರೆಯಲ್ಲೇ ಓಡಿಬಂದಳು.

“ಮುಟ್ಬೇಡ! ಮಡೀಲಿದೀಯ. ನಾನು ಮೈಲಿಗೆ,” ಎಂದು ಆತ ತೊದಲುತ್ತಲೇ ಗದರಿದ.

ಆಕೆ ಕೇಳಲಿಲ್ಲ. ಒರೆಸಿ, ಬೇರೆ ಪಂಚೆ ಉಡಿಸಿದಳು.

“ಕೆಡಿಸಿದೆಯಲ್ಲ! ಈ ಮನೆ ನೇಮ ಮರೆತ್ಯಾ?”

“ಮರೆತಿಲ್ಲ. ಮೈಲಿಗೆಯಾದವರು ಈ ಮನೇಲಿ ಎಲ್ಲಿ ಕೂರ್ಬೇಕು, ನೀವೇ ಹೇಳಿ.”

ಆತನ ಕಣ್ಣು ಹಿಂಬಾಗಿಲ ಕಡೆ ಹೊರಳಿತು. ಆಕೆ ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಹಿಂದಿನ ಜಗಲಿಯ ಮೂಲೆಯಲ್ಲಿ ಕೂರಿಸಿ, ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದವನು ಆತನೇ.

ಆಕೆ ತೋಳು ಹಿಡಿದು ನಿಧಾನವಾಗಿ ನಡೆಸಿಕೊಂಡು ಹೋದಳು. ಅದೇ ಮೂಲೆಯಲ್ಲಿ ಚಾಪೆ ಹಾಸಿ, ಗೋಡೆಗೆ ಒರಗಿಸಿ ಕೂರಿಸಿದಳು.

“ಒಬ್ಬನೇ... ಬೇಡ ಕಣೇ.”

“ನಾನೂ ಹಾಗೇ ಅಂತಿದ್ದೆ. ನೀವು ಬಾಗಿಲು ಹಾಕ್ಕೊಂಡು ಹೋಗ್ತಿದ್ರಿ.”

ಆಕೆ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಆತ ಗೋಡೆ ಹಿಡಿದು ಏಳಲು ನೋಡಿದ, ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ತಟ್ಟೆ ನೆಲದ ಮೇಲೆ ಜಾರಿ ಬರುವುದನ್ನೇ ಕಾಯುತ್ತ ಆತ ತಲೆ ತಗ್ಗಿಸಿದ.

“ಸ್ವಲ್ಪ ಸರ್ಕೊಳ್ಳಿ, ಅದು ನನ್ನ ಜಾಗ,” ಎಂದು ಆಕೆ ಭುಜಕ್ಕೆ ಭುಜ ತಾಗಿಸಿ ಕೂತು, ನೈವೇದ್ಯಕ್ಕೆಂದು ಮಾಡಿದ್ದ ಅನ್ನದ ಮೊದಲ ತುತ್ತನ್ನು ಆತನ ಬಾಯಿಗಿಟ್ಟಳು.