ಹುಳ ತಿಂದ ವಾಲ್ಟರ್

ಗಾಜಿನ ಪೆಟ್ಟಿಗೆಯಲ್ಲಿ ವಾಲ್ಟರ್ ಹೊಟ್ಟೆ ಮೇಲಾಗಿ ತೇಲುತ್ತಿದ್ದ. ಆಂಬ್ರೋಸ್ ಮೇಷ್ಟ್ರು ಅಡುಗೆಮನೆಯತ್ತ ಕಿವಿಗೊಟ್ಟರು. ಹೆಂಡತಿ ಮಗ್ದಲೀನ್ ಮಸಾಲೆ ಅರೆಯುತ್ತಿದ್ದಳು. ಮೇಷ್ಟ್ರು ಸತ್ತ ಮೀನನ್ನು ಸರಕ್ಕನೆ ಎತ್ತಿ, ಕಾಗದದಲ್ಲಿ ಸುತ್ತಿ, ಸದ್ದಿಲ್ಲದೆ ಸೈಕಲ್ ಹತ್ತಿದರು. ವಾಲ್ಟರ್ ಸತ್ತದ್ದು ಇದು ಮೂರನೆಯ ಸಲ.

೧೯೫೮ರ ಮಂಗಳೂರಿನಲ್ಲಿ ಕಡಲ ಮೀನು ತಿನ್ನುವವರು ಮನೆಮನೆಯಲ್ಲೂ ಇದ್ದರು, ಸಾಕುವವರನ್ನು ಮೇಷ್ಟ್ರಿದ್ದ ಕುದ್ರೋಳಿಯಲ್ಲಿ ಯಾರೂ ಕಂಡಿರಲಿಲ್ಲ. ಮೇಷ್ಟ್ರ ಹುರುಪಿಗೆ ಅಷ್ಟು ಸಾಕಾಯಿತು. ಗಾಳಕ್ಕೆ ಸಿಕ್ಕಿಸುವ ಕೆಸರುಹುಳ ತಿನ್ನಿಸಿಯೇ ಒಂದು ಕಡಲ ಮೀನನ್ನು ಈಸ್ಟರ್ ಹಬ್ಬದವರೆಗೆ ಬದುಕಿಸುತ್ತೇನೆ, ತಪ್ಪಿದರೆ ವಿಜ್ಞಾನ ಬಿಟ್ಟು ಡ್ರಿಲ್ ಕಲಿಸುತ್ತೇನೆ ಎಂದು ಶಾಲೆಯಲ್ಲಿ ಎಲ್ಲರೆದುರು ಸಾರಿಬಿಟ್ಟಿದ್ದರು. ಅವರ ಮಾನ ಈಗ ಹುಳಗಳ ಕೈಯಲ್ಲಿತ್ತು. ಹುಳಗಳಿಗೆ ಕೈಯಿಲ್ಲವೆಂಬುದು ವಿಜ್ಞಾನದ ಮೇಷ್ಟ್ರಿಗೆ ತಡವಾಗಿ ಹೊಳೆಯಿತು.

ಬಂದರಿನಲ್ಲಿ ಮೀನು ಹಿಡಿಯುವ ಮೊಗವೀರ ನೋಣಯ್ಯ ಅಂಥದೇ ಹಳದಿ ಪಟ್ಟೆಯ ಮೀನೊಂದನ್ನು ಮಡಕೆಗೆ ಬಿಟ್ಟ.

"ಇದೂ ಸತ್ತಿತಾ ಮೇಷ್ಟ್ರೇ?"

"ಮೆಲ್ಲ ಹೇಳು ಮಾರಾಯ. ಮನೆಯಲ್ಲಿ ಬಾಯಮ್ಮನಿಗೆ ಗೊತ್ತಾಗುವುದು ಬೇಡ. ಅವಳಿಗೆ ಅದರ ಮೇಲೆ ಪ್ರೀತಿ ಉಂಟು, ಬೇಸರ ಮಾಡ್ತಾಳೆ."

ಅದು ಅರ್ಧ ನಿಜ. ಮೇಷ್ಟ್ರು ಶಾಲೆಯಲ್ಲಿರುವಾಗ ಹುಳ ಹಾಕುವವಳು ಬಂದರಿನವರ ಈ ಬಾಯಮ್ಮ, ಮಗ್ದಲೀನಳೇ. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದವಳು ಈಗ ಬರಿಗೈಯಲ್ಲಿ ಹಿಡಿದು ಹಾಕುತ್ತಿದ್ದಳು. ವಾಲ್ಟರ್ ಎಂಬ ಹೆಸರೂ ಅವಳದೇ. ಆದರೂ ದಾರಿಯುದ್ದಕ್ಕೂ ಮೇಷ್ಟ್ರು ತಮ್ಮನ್ನೇ ಬೈದುಕೊಂಡರು: 'ದೊಡ್ಡ ವಿಜ್ಞಾನಿಯಂತೆ. ಹೆಂಡತಿಯ ಸೆರಗಿನ ಹಿಂದೆ ಅಡಗುವವ.'

ನಾಲ್ಕನೆಯ ವಾಲ್ಟರ್ ಮಾತ್ರ ಸಾಯಲಿಲ್ಲ. ಒಂದು ವಾರ ಕಳೆಯಿತು, ಐದು ವಾರ ಕಳೆಯಿತು. ತಂದಾಗ ಅದರ ಬಾಲದಲ್ಲಿದ್ದ ಸೀಳು ಕೂಡ ಮಾಯವಾಯಿತು. ಹುಳವನ್ನು ಸಣ್ಣಗೆ ಕತ್ತರಿಸಿ ಹಾಕಿದ್ದರ ಫಲವೆಂದು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದರು. ಕೆಲವು ಸಂಜೆ ಮೀನು ಅವರನ್ನು ಹೊಸಬರನ್ನು ಕಂಡಂತೆ ಕಂಡು ಕಲ್ಲಿನ ಹಿಂದೆ ಅಡಗುತ್ತಿತ್ತು. ಅದಕ್ಕೆ 'ಗೌರವ' ಎಂದು ಬರೆದರು.

ಈಸ್ಟರ್‌ಗೆ ಮುಂಚಿನ ವ್ರತದ ದಿನಗಳವು. ಶುಕ್ರವಾರ ಮನೆಯಲ್ಲಿ ಮಾಂಸವಿಲ್ಲ, ಮೀನಿಗೆ ಅಡ್ಡಿಯಿಲ್ಲ. ಮಗ್ದಲೀನ್ ಒಂದು ಸಣ್ಣ ಮೀನಿನ ತಲೆ ತೆಗೆದು, ಕೆಂಪು ಮಸಾಲೆ ದಪ್ಪಗೆ ಹಚ್ಚಿ ಎಣ್ಣೆಯಲ್ಲಿ ಕಾಯಿಸಿ ಗಂಡನ ಬಟ್ಟಲಿಗೆ ಹಾಕುತ್ತಿದ್ದಳು.

"ಎಂತ ರುಚಿ ಮಾರಾಯ್ತಿ ಇದು."

"ಒಳ್ಳೆಯ ಹುಳ ತಿಂದದ್ದಿರಬೇಕು," ಎನ್ನುತ್ತಿದ್ದಳು ಮಗ್ದಲೀನ್.

ಈಸ್ಟರ್ ಮರುದಿನ ಹೆಡ್‌ಮಾಸ್ಟರು ಮನೆಗೇ ಬಂದು, ವಾಲ್ಟರನನ್ನು ನೋಡಿ ಮೇಷ್ಟ್ರ ಕೈ ಕುಲುಕಿದರು. ಡ್ರಿಲ್ ತಪ್ಪಿತು. ಮೇಷ್ಟ್ರಿಗೆ ಸಂತೋಷ ತಡೆಯಲಾಗಲಿಲ್ಲ. ಬೇರೆ ಯಾರಿಗೆ ಹೇಳಲು ಸಾಧ್ಯ? ನೇರ ಬಂದರಿಗೆ ಹೋದರು.

"ನೋಡಿದೆಯಾ ನೋಣಯ್ಯ? ಹುಳ ಕೊನೆಗೂ ಕೆಲಸ ಮಾಡಿತು. ಆಮೇಲೆ ನಿನ್ನ ಮೀನು ಬೇಕಾಗಲೇ ಇಲ್ಲ."

ನೋಣಯ್ಯ ಬಲೆಯಿಂದ ಕೈ ತೆಗೆದ.

"ನೀವು ಬರಲಿಲ್ಲ, ಹೌದು. ಬಾಯಮ್ಮ ಬರ್ತಿದ್ದರು, ಪ್ರತಿ ಗುರುವಾರ, ಮಡಕೆ ಹಿಡಿದುಕೊಂಡು. 'ಅವರಿಗೆ ಹೇಳಬೇಡ, ಬೇಸರ ಮಾಡ್ತಾರೆ' ಅಂದಿದ್ದರು."

ಮೇಷ್ಟ್ರು ಅಲ್ಲೇ ಇದ್ದ ದೋಣಿಯ ಅಂಚಿನ ಮೇಲೆ ಕುಳಿತರು.

"ಸತ್ತದ್ದನ್ನು ಎಂತ ಮಾಡ್ತೀರಿ ಅಂತ ನಾನೇ ಒಮ್ಮೆ ಕೇಳಿದೆ," ಎಂದ ನೋಣಯ್ಯ. "'ನಾಳೆ ಶುಕ್ರವಾರ ಅಲ್ಲವಾ' ಅಂದರು."